ಹನ್ನೆರಡು ಲಡಿ ಕರಿ ದಾರ

ಬುಧವಾರ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಕರಿ ದಾರ ಮುಗಿಯಿತು. ಆ ಹೊತ್ತಿಗೆ ಕರಡಿಗೆ ಮೂತಿ, ಎದೆಯ ಮೇಲಿನ ಬಿಳಿ ಗುರುತು, ಎರಡು ಮುಂಗಾಲು ಮತ್ತು ಬಹುಪಾಲು ಬೆನ್ನು ಇದ್ದವು. ಹಿಂಗಾಲುಗಳು ಇರಲಿಲ್ಲ. ಕುಂಡಿಯೂ ಇರಲಿಲ್ಲ.

ಕರಡಿ ಇದ್ದದ್ದು ವಡ್ಡು ಗ್ರಾಮದ ಹಾಲಿನ ಡೇರಿಯ ಮಹಡಿಯ ಮೇಲೆ, ಮೂರಡಿ ಉದ್ದ, ಎರಡಡಿ ಅಗಲದ ಬಟ್ಟೆಯಲ್ಲಿ. ಅಲ್ಲಿ ಹತ್ತು ಹೆಂಗಸರು ಕ್ರಾಸ್ ಸ್ಟಿಚ್ ಹಾಕುತ್ತಾರೆ. ಚೌಕ ಚೌಕವಾಗಿ ನೇಯ್ದ ಬಟ್ಟೆ, ಒಂದೊಂದು ಚೌಕಕ್ಕೂ ಒಂದೊಂದು ಗುಣಾಕಾರ ಚಿಹ್ನೆಯಂಥ ಹೊಲಿಗೆ, ಎದುರಿಗೆ ಯಾವ ಚೌಕಕ್ಕೆ ಯಾವ ನಂಬರಿನ ದಾರ ಎಂದು ಬರೆದ ಚಾರ್ಟು. ದರೋಜಿ ಕರಡಿಧಾಮದ ದಾರಿಯಲ್ಲಿರುವ ಒಂದು ರೆಸಾರ್ಟಿನವರು ಊಟದ ಕೋಣೆಯ ಗೋಡೆಗೆಂದು ಈ ಕರಡಿಯನ್ನು ಹೇಳಿ ಮಾಡಿಸುತ್ತಿದ್ದರು. ಸೋಮವಾರ ಹತ್ತು ಗಂಟೆಗೆ ಒಯ್ಯಲು ಬರುವವರಿದ್ದರು.

ಕರಿ ದಾರ ಬಂದದ್ದು ನಲವತ್ತು ಲಡಿ. ಚಾರ್ಟಿನ ಪ್ರಕಾರ ಕರಡಿಗೆ ಬೇಕಾದದ್ದು ಮೂವತ್ನಾಲ್ಕು. ತಪ್ಪಿ ಕೆಟ್ಟರೆ ಇರಲಿ ಎಂದು ಆರು ಹೆಚ್ಚು. ಹೆಂಗಸರ ಕೈಗೆ ಕೊಟ್ಟದ್ದು ಇಪ್ಪತ್ತೆಂಟು ಎಂದು ಪುಸ್ತಕ ಹೇಳುತ್ತಿತ್ತು. ಡಬ್ಬಿಯಲ್ಲಿ ಹನ್ನೆರಡು ಇರಬೇಕಿತ್ತು. ಒಂದೂ ಇರಲಿಲ್ಲ.

ಪುಸ್ತಕ ಇಡುವ ಪದ್ಧತಿ ತಂದವಳು ಗಾಯತ್ರಿ. ವಯಸ್ಸು ಇಪ್ಪತ್ತೊಂಬತ್ತು, ಊರು ಹೊಸಪೇಟೆ, ಈ ಕೇಂದ್ರ ನಡೆಸುವ ಸಂಸ್ಥೆಯ ಮೇಲ್ವಿಚಾರಕಿ. ನಾಲ್ಕು ತಿಂಗಳ ಹಿಂದೆ ಅವಳು ಬರುವ ತನಕ ದಾರವೆಲ್ಲ ತಾಯಕ್ಕನ ಪದ್ಧತಿಯಲ್ಲಿ ಇತ್ತು. ತಾಯಕ್ಕನಿಗೆ ಅರವತ್ತೊಂದು. ಕೇಂದ್ರ ಶುರುವಾದಾಗ ಸೂಜಿ ಹಿಡಿದ ಮೊದಲ ಐವರಲ್ಲಿ ಒಬ್ಬಳು. ಬೆರಳ ಸಂದುಗಳು ಹಿಡಿದುಕೊಂಡು ಸೂಜಿ ನಿಲ್ಲದಂತಾದ ಮೇಲೆ ಅವಳಿಗೆ ದಾರದ ಕಪಾಟಿನ ಬೀಗದಕೈ ಕೊಟ್ಟು, ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿದ್ದರು.

ಅವಳು ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಎರಡೂ ಕಡೆ ಕಚ್ಚು ಮಾಡಿ, ದಾರ ಸುತ್ತಿಡುತ್ತಿದ್ದಳು. ಸುತ್ತಿದ್ದನ್ನು ಬಿಸ್ಕತ್ತಿನ ಡಬ್ಬಿಗಳಿಗೆ ತುಂಬುತ್ತಿದ್ದಳು. ಒಂದು ಡಬ್ಬಿ ಮಣ್ಣಿನ ಬಣ್ಣಗಳದು, ಒಂದು ಕಂಪ್ಲಿ ಕಡೆಯ ಬಾಳೆ ತೋಟದ್ದು, ಒಂದು ಲಗ್ನದ್ದು. ಲಗ್ನದ ಡಬ್ಬಿಯಲ್ಲಿ ಕೆಂಪು, ಅರಿಶಿಣ, ಜೊತೆಗೆ ಯಾಕೋ ಒಂದು ನೇರಳೆ. ಹುಳ ಬೀಳದಿರಲೆಂದು ಮೇಲೆ ಒಂದು ಹಿಡಿ ಬೇವಿನ ಎಲೆ. ನಂಬರ್ ಎಲ್ಲೂ ಇರಲಿಲ್ಲ. ಯಾರಾದರೂ ಬಂದು ನಂಬರ್ ಕೇಳಿದರೆ, ಅದು ಏನಕ್ಕೆ, ಎಲೆಗೋ ಸೀರೆಗೋ ಎಂದು ತಾಯಕ್ಕ ತಿರುಗಿ ಕೇಳುತ್ತಿದ್ದಳು.

ಈ ವ್ಯವಸ್ಥೆಗೆ ಒಂದು ನಿಜವಾದ ದೋಷವಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ವಡ್ಡುವಿನ ಮುಂದೆ ಅದಿರಿನ ಲಾರಿಗಳು ಹಗಲೂ ರಾತ್ರಿ ಕೆಂಪು ಧೂಳೆಬ್ಬಿಸಿ ಹೋಗುತ್ತವೆ. ಬಿಳಿ ದಾರ ಒಂದು ತಿಂಗಳು ಡಬ್ಬಿಯಲ್ಲಿ ಕೂತರೆ ಖಾರ ಹಚ್ಚಿದ ಮಂಡಕ್ಕಿಯ ಬಣ್ಣಕ್ಕೆ ಬರುತ್ತಿತ್ತು. ಹಿಂದಿನ ವರ್ಷ ಹನ್ನೆರಡು ಹಂಸಗಳು ಗುಲಾಬಿ ಬಣ್ಣದಲ್ಲಿ ಈಜಿದ್ದಕ್ಕೆ ಆರ್ಡರು ವಾಪಸ್ ಬಂದಿತ್ತು.

ಗಾಯತ್ರಿ ಬಂದವಳೇ ಇಪ್ಪತ್ತೆಂಟು ಖಾನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ತರಿಸಿದಳು. ಪ್ರತಿ ದಾರವನ್ನೂ ಬಿಡಿಸಿ, ಎರಡು ಬೆರಳಗಲದ ಪ್ಲಾಸ್ಟಿಕ್ ತುಂಡಿಗೆ ಸುತ್ತಿ, ನಂಬರಿನ ಚೀಟಿ ಅಂಟಿಸಿ, ಒಂದರಿಂದ ಹಿಡಿದು ನಾಲ್ಕು ಸಾವಿರದ ತನಕ ಕ್ರಮವಾಗಿ ಇಟ್ಟಳು. ಹತ್ತೊಂಬತ್ತು ದಿನ ಹಿಡಿಯಿತು. ಬೇವಿನ ಎಲೆ ತೆಗೆದು, ಹೊಸಪೇಟೆಯ ಚಪ್ಪಲಿ ಅಂಗಡಿಯಿಂದ ಕೇಳಿ ತಂದ ತೇವ ಹೀರುವ ಪೊಟ್ಟಣ ಹಾಕಿದಳು. ಧೂಳು ಕುಡಿದ ಬಿಳಿಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ‘ವೇಸ್ಟ್’ ಎಂದು ಬರೆದಳು. ಲಗ್ನಪತ್ರಿಕೆಗಳು ಡೇರಿಯವರ ಒಲೆಗೆ ಹೋದವು. ಬೀಗದಕೈ ಮಾತ್ರ ತಾಯಕ್ಕನ ಬಳಿಯೇ ಬಿಟ್ಟಳು, ಒಂದು ಷರತ್ತಿನ ಮೇಲೆ: ಕೊಟ್ಟ ಪ್ರತಿ ಲಡಿಯೂ ಪುಸ್ತಕದಲ್ಲಿ ಬರಬೇಕು.

ನಾಲ್ಕು ತಿಂಗಳೂ ಹಾಗೆಯೇ ಬಂದಿತ್ತು. ತಾಯಕ್ಕನ ಅಕ್ಷರ ದೊಡ್ಡದು, ಒಂದು ಪುಟಕ್ಕೆ ಆರೇ ಸಾಲು, ಆದರೆ ಒಂದೂ ತಪ್ಪಿರಲಿಲ್ಲ.

ಹಾಗಾಗಿ ಬುಧವಾರ ಗಾಯತ್ರಿ ಎರಡು ಸಲ ಕೂಡಿ, ಮೂರನೆಯ ಸಲ ಕಪಾಟಿನ ಹಿಂದೆ ಬ್ಯಾಟರಿ ಬಿಟ್ಟು ನೋಡಿ, ಆಮೇಲೆ ಕುರ್ಚಿಯ ಮುಂದೆ ಬಂದು ನಿಂತಳು. ಹನ್ನೆರಡು ಲಡಿ ಎಲ್ಲಿ ಎಂದು ಕೇಳಿದಳು.

“ಕಾಲಿಗೆ ಕೊಟ್ಟೀನಿ,” ಅಂದಳು ತಾಯಕ್ಕ.

“ಯಾರ ಕಾಲಿಗ್ರಿ?”

“ಕೇಳಿದೋರ ಕಾಲಿಗೆ.”

ವಿಷಯ ಇಷ್ಟು. ಈ ಸೀಮೆಯಲ್ಲಿ ದೃಷ್ಟಿಯಾಗದಿರಲೆಂದು ಕಾಲಿಗೆ ಕರಿ ದಾರ ಕಟ್ಟುತ್ತಾರೆ. ಒಂಬತ್ತು ಗಂಟು ಹಾಕಿ, ಗಂಡಸರಿಗೆ ಬಲಗಾಲಿಗೆ, ಹೆಂಗಸರಿಗೆ ಎಡಗಾಲಿಗೆ. ಎಮ್ಮೆಗೆ ಕೊರಳಿಗೆ. ಟ್ರ್ಯಾಕ್ಟರಿಗೆ ನಿಂಬೆಹಣ್ಣಿನ ಜೊತೆ ಮುಂದಕ್ಕೆ. ಅಂಗಡಿಯ ದಾರ ಎರಡು ಸ್ನಾನಕ್ಕೆ ಬಣ್ಣ ಬಿಟ್ಟು ಬೂದಿಯಾಗುತ್ತದೆ, ಕಾಲು ಕಪ್ಪಾಗುತ್ತದೆ. ಜೂನಿನಲ್ಲಿ ಪಕ್ಕದ ಮನೆಯ ಕೂಸು ಹಾಲು ಕಕ್ಕುತ್ತಿದೆ ಎಂದು ತಾಯಕ್ಕ ಕರಡಿಯ ಡಬ್ಬಿಯಿಂದ ಒಂದು ಮೊಳ ಹರಿದು ಕಟ್ಟಿದ್ದಳು. ಕೂಸು ಹಾಲು ಕಕ್ಕುವುದು ನಿಲ್ಲಿಸಿತು. ಆ ವಯಸ್ಸಿಗೆ ಎಲ್ಲ ಕೂಸುಗಳೂ ನಿಲ್ಲಿಸುತ್ತವೆ, ಆದರೆ ಎಲ್ಲ ಕೂಸುಗಳ ಕಾಲಲ್ಲೂ ಬಣ್ಣ ಬಿಡದ ದಾರ ಇರುವುದಿಲ್ಲ. ಬಣ್ಣ ಬಿಡದ ದಾರ ದೃಷ್ಟಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಊರು ತೀರ್ಮಾನಿಸಿತು. ಆಗಸ್ಟಿನಲ್ಲಿ ಚೋರನೂರಿನಿಂದ ಎರಡು ಮನೆಯವರು ಆಟೋ ಮಾಡಿಕೊಂಡು ಬಂದರು.

ಒಂದು ಲಡಿಯಲ್ಲಿ ಎಂಟು ಮೀಟರ್ ದಾರ. ಹನ್ನೆರಡು ಲಡಿಗೆ ತೊಂಬತ್ತಾರು. ಕಾಲೊಂದಕ್ಕೆ ಮುಕ್ಕಾಲು ಮೀಟರ್ ಹಿಡಿದರೆ ನೂರಿಪ್ಪತ್ತೆಂಟು ಕಾಲು. ವಡ್ಡುವಿನಲ್ಲಿ ಕಾಲುಗಳಿಗೆ ಕೊರತೆಯಿಲ್ಲ.

ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ ಎಂದು ಗಾಯತ್ರಿ ಕೇಳಿದಳು. ತಾಯಕ್ಕನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು.

“ದೃಷ್ಟಿ ದಾರ ಬರಕಂಡು ಕೊಡಬಾರ್ದವ್ವಾ. ಕೇಳಿದ್ರ ಇಲ್ಲ ಅನಬಾರ್ದು, ಕೊಟ್ಟಿದ್ದು ಎಣಸಬಾರ್ದು. ಬರದ್ರ ಅದು ಬರೇ ದಾರ ಆಕ್ಕತಿ.”

“ಅದು ಬರೇ ದಾರನ ಐತ್ರಿ,” ಅಂದಳು ಗಾಯತ್ರಿ.

ಚೌಕಟ್ಟಿನ ಸುತ್ತ ಕೂತಿದ್ದ ಹೆಂಗಸರು ತಲೆ ತಗ್ಗಿಸಿದರು. ತಗ್ಗಿಸಿದ ಕೂಡಲೇ ಅವರವರ ಎಡಗಾಲು ಅವರಿಗೇ ಕಂಡಿತು. ಹತ್ತರಲ್ಲಿ ಒಂಬತ್ತು ಕಾಲಿಗೆ ದಾರವಿತ್ತು. ಚೆನ್ನಬಸಮ್ಮ ಸೀರೆ ಎಳೆದು ಮುಚ್ಚಿಕೊಂಡಳು. ಅವಳು ಅಲ್ಲಿನ ಅತಿ ಚುರುಕಿನ ಕಸೂತಿಗಾರ್ತಿ. ಕರಡಿಯ ಮುಖವೆಲ್ಲ ಅವಳದೇ ಕೆಲಸ.

ಗಾಯತ್ರಿ ದಾರದ ಸಗಟು ವ್ಯಾಪಾರಿಗೆ ಫೋನ್ ಮಾಡಿದಳು. ಒಂದೇ ಸಲ ಬಣ್ಣಕ್ಕೆ ಹಾಕಿದ ಲಾಟಿನ ಕರಿ ಖಾಲಿಯಾಗಿತ್ತು. ಬೇರೆ ಲಾಟಿನದು ಬರಲು ಎಂಟು ದಿನ. ಬಂದರೂ, ಮುಂದಿನ ಅರ್ಧ ಒಂದು ಕಪ್ಪು, ಹಿಂದಿನ ಅರ್ಧ ಇನ್ನೊಂದು ಕಪ್ಪು. ಅವಳು ಫೋನ್ ಇಟ್ಟು ತಾಯಕ್ಕನಿಗೆ ಸ್ಪಷ್ಟವಾಗಿ ಹೇಳಿದಳು: ಸೋಮವಾರ ಕರಡಿ ಹೋಗದಿದ್ದರೆ ಬೀಗದಕೈ ಕೊಟ್ಟುಬಿಡಬೇಕು.

ತಾಯಕ್ಕನ ಮಟ್ಟಿಗೆ ಬೀಗದಕೈ ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡಲು ಇರುವ ಕಾರಣ. ಸೂಜಿ ಹಿಡಿಯಲಾಗದವಳಿಗೆ ಕೇಂದ್ರದಲ್ಲಿ ಬೇರೆ ಕೆಲಸವಿಲ್ಲ. ಮನೆಯಲ್ಲಿ ಸೊಸೆ, ಎರಡು ಎಮ್ಮೆ, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರ ತನಕ ನಿಲ್ಲದ ಟಿವಿ. ಎಮ್ಮೆಗಳ ಬಗ್ಗೆ ಅವಳಿಗೆ ದೂರಿರಲಿಲ್ಲ.

ಗಾಯತ್ರಿಗೆ ಇದ್ದ ಒಂದೇ ಉಪಾಯವೆಂದರೆ ದಾರವನ್ನು ವಾಪಸ್ ಕೇಳುವುದು. ತಾಯಕ್ಕ ಜೊತೆಗೆ ಬಂದು ಕೇಳಿದರೆ ಜನ ಕೊಟ್ಟಾರು ಎಂದು ಅವಳ ಲೆಕ್ಕ. ತಾಯಕ್ಕ ಕುರ್ಚಿಯಿಂದ ಏಳಲಿಲ್ಲ.

“ನಾನ ಕಟ್ಟಿದ್ದು ನಾನ ಬಿಚ್ಚಂಗಿಲ್ಲ. ಬೀಗದಕೈ ಬೇಕಾದ್ರ ಈಗ ತಗೋರಿ.”

ಗಾಯತ್ರಿ ತಗೊಳ್ಳಲಿಲ್ಲ. ಸೋಮವಾರ ಅಂದಿದ್ದಳು, ಅವಳು ಹೇಳಿದ ದಿನಕ್ಕೆ ಹೇಳಿದ್ದನ್ನು ಮಾಡುವವಳು. ಚೆನ್ನಬಸಮ್ಮನನ್ನು ಕರೆದುಕೊಂಡು ಎರಡು ಗಂಟೆಗೆ ಊರೊಳಗೆ ಹೊರಟಳು.

ಮೊದಲು ಹೋದದ್ದು ಓಬಳೇಶನ ಮನೆಗೆ. ಅವನು ಅದಿರಿನ ಲಾರಿ ಓಡಿಸುತ್ತಾನೆ, ರಾತ್ರಿ ಪಾಳಿ ಮುಗಿಸಿ ಹೊರಗೆ ಮಂಚದ ಮೇಲೆ ಮಲಗಿದ್ದ, ಬಲಗಾಲು ಮಂಚದಿಂದಾಚೆಗೆ ಚಾಚಿತ್ತು. ದಾರ ಕಣ್ಣಿಗೆ ಕಾಣುತ್ತಿತ್ತು. ಎಬ್ಬಿಸಿ, ಕರಡಿಯ ಹಿಂಗಾಲಿನ ಸಮಸ್ಯೆಯನ್ನು ವಿವರಿಸಿದರು. ಓಬಳೇಶ ಪೂರ್ತಿ ಕೇಳಿಸಿಕೊಂಡ.

“ಮೇಡಂ, ಇದು ಕಟ್ಟಿದ ಮ್ಯಾಲ ನನ್ನ ಲಾರಿ ಎರಡ ಸರ್ತಿ ಅಷ್ಟ ಪಂಚರ್ ಆಗೇತಿ. ಅದಕ್ಕಿಂತ ಮುಂಚೆ ಏನೇನ್ ಆಗಿತ್ತು ಅಂತ ಕೇಳಬ್ಯಾಡ್ರಿ,” ಅಂದ. ಆಮೇಲೆ ಚೆನ್ನಬಸಮ್ಮನ ಕಡೆ ತಿರುಗಿ, “ನಿನ್ನ ಕಾಲಾಗಿಂದು ಬಿಚ್ಚಿದಿ ಏನಬೇ ಅಕ್ಕ?” ಎಂದು ಕೇಳಿದ.

ಚೆನ್ನಬಸಮ್ಮ ಬಿಸಿಲು ಜೋರಾಗಿದೆ ಎಂದಳು.

ಮೂವತ್ತೊಂದು ಮನೆ ಆಯಿತು. ಕೂಸಿನ ತಾಯಿ ಬಾಗಿಲು ಹಾಕಿಕೊಂಡಳು. ಒಬ್ಬ ಎಮ್ಮೆಯನ್ನೇ ಕೇಳಿ ಎಂದ. ಇನ್ನೊಬ್ಬರು ಚಹಾ ಕೊಟ್ಟು, ಕರಡಿಗೇ ಒಂದು ದಾರ ಕಟ್ಟಿಸಿ, ಅದಕ್ಕೆ ದೃಷ್ಟಿ ತಗುಲಿದಂತಿದೆ ಎಂದು ಸಲಹೆ ಮಾಡಿದರು. ಸಂಜೆ ಐದೂವರೆಗೆ ಗಾಯತ್ರಿಯ ಕೈಗೆ ಬಂದದ್ದು ಒಂದು ದಾರ, ಉದ್ದ ಅರ್ಧ ಮೀಟರ್. ಕೊಟ್ಟವನು ಕುರಿ ಸಾಕುವ ಎರ್ರಿಯಪ್ಪ. ಕುರಿಯ ಕೊರಳಿನದು. ಕುರಿಯನ್ನು ಭಾನುವಾರ ಕಡಿದಿದ್ದರು, ಅದಕ್ಕೆ ಇನ್ನು ದೃಷ್ಟಿಯ ಭಯವಿರಲಿಲ್ಲ. ದಾರ ಬಣ್ಣ ಬಿಟ್ಟಿರಲಿಲ್ಲ, ಅದನ್ನು ಒಪ್ಪಬೇಕು.

ಗುರುವಾರ ಬೆಳಿಗ್ಗೆ ಗಾಯತ್ರಿ ಬಂದಾಗ ತಾಯಕ್ಕ ಕರಡಿಯ ಮುಂದೆ ನಿಂತಿದ್ದಳು. ಹೊಲಿಯದೆ ಉಳಿದದ್ದು ಸುಮಾರು ಹತ್ತು ಸಾವಿರ ಚೌಕ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದ, ಅಷ್ಟೇ ಅಗಲ. ಕರಡಿಯ ಸುತ್ತ ಚಾರ್ಟಿನಲ್ಲಿ ಬೇರೇನೂ ಇರಲಿಲ್ಲ, ಖಾಲಿ ಬಟ್ಟೆ ಮಾತ್ರ.

ತಾಯಕ್ಕನ ತವರು ದರೋಜಿ. ಮದುವೆಯಾಗುವ ತನಕ ಆ ಗುಡ್ಡಗಳಲ್ಲಿ ಸೌದೆಗೆ ಹೋದವಳು. ಕರಡಿಧಾಮ ಆಗುವ ಮೊದಲೂ ಕರಡಿಗಳು ಇದ್ದವು. ಅವಳು ನೋಡಿದ್ದಳು, ಎರಡು ಸಲ ಓಡಿಯೂ ಇದ್ದಳು.

“ಇದ್ಯಾವ ಕರಡಿ ಹಿಂಗ ಪೂರಾ ನಿಂತು ತೋರಿಸ್ತೈತಿ? ಆಧಾರ್ ಕಾರ್ಡಿಗೆ ಫೋಟೋ ಹೊಡಸ್ಕಣಾಕ ಬಂದೈತೇನು?” ಅಂದಳು. “ಕರಡಿ ಅಂದ್ರ ಮುಂದಿಂದು ಅಷ್ಟ ಕಾಣಾದು. ಹಿಂದಿಂದು ಬಂಡಿ ಮರಿಗೆ ಇರ್ತೈತಿ. ಇಲ್ಲೊಂದು ಬಂಡಿ ಹಾಕ್ರಿ.”

ಅವಳು ಹೇಳಿದ್ದು ಬಂಡೆಗಲ್ಲು. ಗಾಯತ್ರಿ ಚಾರ್ಟನ್ನು ಮೇಲಿಂದ ಕೆಳಗೆ ನೋಡಿದಳು.

“ಚಾರ್ಟ್‌ನಾಗ ಬಂಡೆ ಇಲ್ರಿ.”

“ದರೋಜ್ಯಾಗ ಐತಿ.”

ಕರಿ ದಾರವಂತೂ ಇರಲಿಲ್ಲ, ಗಾಯತ್ರಿ ನಂಬರಿನ ಡಬ್ಬಿಗಳನ್ನು ತೆರೆದಳು. ಆದರೆ ಬಂಡೆಗೆ ಯಾವ ನಂಬರ್ ಎಂದು ಎಲ್ಲೂ ಬರೆದಿರಲಿಲ್ಲ. ದಾರದ ಕಂಪನಿಗಳು ನಂಬರ್ ಕೊಡುವಾಗ ಬಣ್ಣದ ಸಾಲು ನೋಡಿ ಕೊಡುವುದಿಲ್ಲ. 640 ಬೂದು ಮಣ್ಣಿನ ಬಣ್ಣ, ಅದರ ಬಳಗದ ಇನ್ನೊಂದು ಕಂದು 839ರಲ್ಲಿ, ಮತ್ತೊಂದು ಹೋಗಿ 3781ರಲ್ಲಿ. ಚಾರ್ಟು ಇದ್ದಾಗ ನಂಬರಿನ ಡಬ್ಬಿಗಿಂತ ಒಳ್ಳೆಯದಿಲ್ಲ. ಚಾರ್ಟು ಇಲ್ಲದಾಗ ಅದು ಊರ ಜನರನ್ನೆಲ್ಲ ಹುಟ್ಟಿದ ತಾರೀಖಿನ ಮೇಲೆ ನಿಲ್ಲಿಸಿ, ಇವರಲ್ಲಿ ಅಣ್ಣತಮ್ಮಂದಿರು ಯಾರು ಹುಡುಕಿ ಎಂದಂತೆ. ಗಾಯತ್ರಿ ಅರ್ಧ ತಾಸು ಹುಡುಕಿ ನಾಲ್ಕು ಕಂದು ತೆಗೆದಳು. ಬಟ್ಟೆಯ ಮೇಲಿಟ್ಟು ನೋಡಿದರೆ ಬಂಡೆಯಂತೆ ಕಾಣಲಿಲ್ಲ, ಚಾಕೊಲೇಟಿನಂತೆ ಕಂಡಿತು.

ತಾಯಕ್ಕ ಬಾಗಿಲ ಬೆಳಕಿಗೆ ಒಂದು ದುಪ್ಪಟಿ ಹಾಸಿದಳು. ಕಪಾಟು ತೆರೆದು, ಐದು ಡಬ್ಬಿಗಳನ್ನು ಒಂದರ ಹಿಂದೊಂದು ಅದರ ಮೇಲೆ ಬೋರಲು ಹಾಕಿದಳು. ನೂರಾ ನಲವತ್ತು ಸುತ್ತು ದಾರ ಒಟ್ಟಿಗೆ ಸುರಿದ ಸದ್ದಿಗೆ ಕೆಳಗಿನಿಂದ ಡೇರಿಯವರು ಹತ್ತಿ ಬಂದು ನೋಡಿ ಹೋದರು. ಗಾಯತ್ರಿ, ಅವನ್ನು ಜೋಡಿಸಿದ ಹತ್ತೊಂಬತ್ತು ದಿನ ನೆನೆದು, ಮೆಟ್ಟಿಲ ಮೇಲೆ ಹೋಗಿ ಕೂತಳು.

ತಾಯಕ್ಕ ಕಾಲು ಚಾಚಿ ಕೂತು ಆರಿಸತೊಡಗಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವ ವೇಗದಲ್ಲಿ. ಬಿಸಿಲು ಬೀಳುವ ಮಗ್ಗುಲಿಗೆ ಇದು, ನೆರಳಿನ ಮಗ್ಗುಲಿಗೆ ಇದು, ಮಳೆನೀರು ಇಳಿದ ಗೆರೆಗೆ ಇದು, ಹಳೆಯ ಪಾಚಿಗೆ ಇದು. ಬಂಡೆಯ ನೆತ್ತಿಗೆ ಯಾವುದೂ ಒಪ್ಪಲಿಲ್ಲ. ಕೊನೆಗೆ ‘ವೇಸ್ಟ್’ ಚೀಲ ತರಿಸಿ, ಧೂಳು ಕುಡಿದ ಬಿಳಿಯಲ್ಲಿ ಮೂರು ಬಗೆ ಎತ್ತಿಕೊಂಡಳು. ಬಿಸಿಲಲ್ಲಿ ನಿಂತ ಕಲ್ಲಿನ ಬಣ್ಣ ಅದೇ. ಇಪ್ಪತ್ತೈದು ನಿಮಿಷಕ್ಕೆ ಹನ್ನೊಂದು ದಾರ ಸಾಲಾಗಿ ಇತ್ತು. ಗಾಯತ್ರಿ ಎದ್ದು ಬಂದು, ಸಾಲನ್ನು ನೋಡಿ, ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬಿಳಿಗೆ ನಂಬರ್ ಇರಲಿಲ್ಲ, ಅಲ್ಲಿ ‘ಧೂಳು 1, 2, 3’ ಎಂದು ಬರೆದಳು.

ಚೆನ್ನಬಸಮ್ಮ ಬಂಡೆಯ ಅಂಚನ್ನು ಪೆನ್ಸಿಲಿನಲ್ಲಿ ಎಳೆದಳು. ಗುರುವಾರದಿಂದ ಭಾನುವಾರದ ತನಕ ಮೂವರು ಒಟ್ಟಿಗೆ ಕೂತು ಹೊಲಿದರು, ಅದಕ್ಕಿಂತ ಹೆಚ್ಚು ಜನ ಆ ಮೂಲೆಯಲ್ಲಿ ಹಿಡಿಸುವುದಿಲ್ಲ. ಸೂಜಿ ಹಿಡಿಯದ ತಾಯಕ್ಕ ಹಿಂದೆ ನಿಂತು, ಇಲ್ಲಿ ನೆರಳು, ಇಲ್ಲಿ ಬಿಸಿಲು ಎಂದು ಹೇಳುತ್ತಲೇ ಇದ್ದಳು. ಶುಕ್ರವಾರ ಚೆನ್ನಬಸಮ್ಮ ಅವಳಿಗೆ ಸುಮ್ಮನೆ ಕೂರಲು ಹೇಳಿದಳು, ಸ್ವಲ್ಪ ಬೇರೆ ಮಾತಿನಲ್ಲಿ. ಎರ್ರಿಯಪ್ಪನ ಕುರಿಯ ದಾರವನ್ನು ತೊಳೆದು, ಬಂಡೆಯ ಮೇಲೆ ಇಣುಕುವ ಬೆನ್ನಿನ ಕೂದಲಿಗೆ ಬಳಸಿದರು. ಸಾಕಾಯಿತು.

ಸೋಮವಾರ 10 ಗಂಟೆ 20 ನಿಮಿಷಕ್ಕೆ ರೆಸಾರ್ಟಿನ ಮ್ಯಾನೇಜರ್ ಹೊನ್ನೂರುಸ್ವಾಮಿ ಜೀಪಿನಲ್ಲಿ ಬಂದ. ಅವನ ಮೊಬೈಲಿನಲ್ಲಿ ಮೂಲ ಚಿತ್ರ ಇತ್ತು. ಮೊಬೈಲು ನೋಡಿದ, ಬಟ್ಟೆ ನೋಡಿದ, ಮತ್ತೆ ಮೊಬೈಲು ನೋಡಿದ. ಗಾಯತ್ರಿ ರಾತ್ರಿಯೆಲ್ಲ ಯೋಚಿಸಿ ನೈಜತೆಯ ಬಗ್ಗೆ ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡಿದ್ದಳು. ಮೊದಲನೆಯದನ್ನು ಶುರು ಮಾಡುವ ಮೊದಲೇ ಅವನು ಕೇಳಿದ.

“ಹಿಂದಿಂದು ಎಲ್ಲಿ?”

“ಬಂಡಿ ಹಿಂದ ಐತ್ರಿ,” ಅಂದಳು ಚೆನ್ನಬಸಮ್ಮ.

ಹೊನ್ನೂರುಸ್ವಾಮಿ ಹತ್ತಿರ ಹೋಗಿ ಬಂಡೆಯನ್ನು ಮುಟ್ಟಿ ನೋಡಿದ. ಫೋಟೋ ತೆಗೆದು ಯಜಮಾನರಿಗೆ ಕಳಿಸಿದ. ಉತ್ತರ ಬರಲು ಹನ್ನೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ತಾಯಕ್ಕ ಸೆರಗಿಗೆ ಕಟ್ಟಿದ್ದ ಬೀಗದಕೈಯನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಬಂದದ್ದು ಮೇಲಕ್ಕೆತ್ತಿದ ಹೆಬ್ಬೆರಳಿನ ಒಂದು ಚಿತ್ರ.

“ಸಾಯಂಕಾಲ ಕಲ್ಲಿಗೆ ಬೆಲ್ಲ, ಜೇನು ಹಚ್ಚಿ ಕರದ್ರೂ ನಮ್ಮ ಗೆಸ್ಟುಗಳಿಗೆ ಕಾಣಾದು ಇಷ್ಟನ,” ಅಂದ ಹೊನ್ನೂರುಸ್ವಾಮಿ. “ಅರ್ಧ ಕರಡಿಗೆ ಪೂರಾ ಟಿಕೆಟ್ ಯಾಕ ಅಂತ ದಿನಾ ಜಗಳ. ಇನ್ನ ಊಟದಾಗೂ ಅದನ್ನ ನೋಡ್ಲಿ ಬಿಡ್ರಿ.”

ಬಟ್ಟೆಯನ್ನು ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಜೀಪಿನ ಹಿಂದಿನ ಸೀಟಿಗೆ ಇಟ್ಟುಕೊಂಡು ಹೋದ.

ತಾಯಕ್ಕ ಮುಷ್ಟಿ ಬಿಚ್ಚಿ ಬೀಗದಕೈ ಮುಂದೆ ಹಿಡಿದಳು. ಗಾಯತ್ರಿ ಅದನ್ನು ನೋಡಿ, ಇಟ್ಟುಕೊಳ್ಳಿ ಎಂದಳು. ಆದರೆ ತನ್ನ ಮಾತು ಪೂರ್ತಿ ಬಿಟ್ಟುಕೊಡುವವಳೂ ಅಲ್ಲ. ಮರುದಿನ ಹೊಸಪೇಟೆಯಿಂದ ಒಂದು ಕಬ್ಬಿಣದ ಪೆಟ್ಟಿಗೆ ತಂದಳು. ಕರಿ ದಾರ ಇನ್ನು ಮುಂದೆ ಅದರಲ್ಲಿ, ಅದರ ಕೀಲಿ ಅವಳ ಬ್ಯಾಗಿನಲ್ಲಿ. ಉಳಿದ ಬಣ್ಣಗಳಲ್ಲಿ ಎಂಟು ಡಬ್ಬಿ ನಂಬರಿನ ಮೇಲೆ, ನಾಲ್ಕು ಡಬ್ಬಿ ತಾಯಕ್ಕನ ಇಷ್ಟದ ಮೇಲೆ ಎಂದು ಒಪ್ಪಂದವಾಯಿತು. ದುಪ್ಪಟಿಯ ಮೇಲಿನ ನೂರಾ ನಲವತ್ತನ್ನು ಮತ್ತೆ ಜೋಡಿಸಲು ಇಬ್ಬರಿಗೂ ಸೇರಿ ಎರಡು ದಿನ ಬೇಕಾಯಿತು, ಪಾಚಿಯ ಹಸಿರು ಎಲ್ಲಿಗೆ ಸೇರಬೇಕೆಂಬ ಜಗಳದ ಸಮಯವೂ ಅದರಲ್ಲಿ ಸೇರಿದೆ.

ಹೊಸ ಲಾಟಿನ ಕರಿ ದಾರ ಮುಂದಿನ ವಾರ ಬಂತು, ಪೆಟ್ಟಿಗೆಗೆ ಹೋಯಿತು. ಅದೇ ವಾರ ಚೋರನೂರಿನಿಂದ ಮೂವರು ಕಾಲಿನ ದಾರ ಕೇಳಿಕೊಂಡು ಬಂದರು. ಗಾಯತ್ರಿ ಊಟಕ್ಕೆ ಹೋಗಿದ್ದಳು. ತಾಯಕ್ಕ ಕಪಾಟು ತೆರೆದು ಅವರಿಗೆ ಕಡುನೀಲಿ ಕೊಟ್ಟಳು.